ಕಡಲ ಮೇಲಿನ ಗಾಳಿ: ಮಾಡೆಲ್ ಹೇಳಿದ್ದನ್ನು ಉಪಗ್ರಹದ ಅಳತೆಯ ಜೊತೆ ಹೋಲಿಸುವುದು ಹೇಗೆ?

ಒಂದೇ ಕಡಲು, ಒಂದೇ ಹೊತ್ತು. ಗಾಳಿಯ ವೇಗ ಸೆಕೆಂಡಿಗೆ 8 ಮೀಟರ್ ಅಂತ ಹವಾಮಾನ ಮಾಡೆಲ್ ಹೇಳುತ್ತದೆ. ಉಪಗ್ರಹ 9.1 ಅನ್ನುತ್ತದೆ. ಯಾವುದು ಸರಿ? ಈ ಕೆಲಸಕ್ಕೆ ಕೈಹಾಕಿದವರು ಮೊದಲು ಕೇಳುವುದು ಇದನ್ನೇ. ಆದರೆ ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ಎರಡೂ ಒಂದೇ ಗಾಳಿಯ ಬಗ್ಗೆ ಹೇಳುತ್ತಿವೆಯಾ? ಎಷ್ಟೋ ಸಲ ಇಲ್ಲ. ಹೊತ್ತು ಸ್ವಲ್ಪ ಬೇರೆ ಇರುತ್ತದೆ, ಜಾಗದ ಅಗಲ ಬೇರೆ ಇರುತ್ತದೆ. ಕೆಲವು ಸಲ ‘ಗಾಳಿ’ ಅನ್ನುವ ಪದದ ಅರ್ಥವೇ ಬೇರೆ ಇರುತ್ತದೆ. ಆ 1.1 ಮೀಟರ್ ವ್ಯತ್ಯಾಸದಲ್ಲಿ ಮಾಡೆಲ್‌ನ ತಪ್ಪು ಎಷ್ಟು, ನಾವು ಹೋಲಿಸಿದ ರೀತಿಯಿಂದ ಹುಟ್ಟಿಕೊಂಡದ್ದು ಎಷ್ಟು? ಇದನ್ನು ಬಿಡಿಸುವುದೇ ಇಲ್ಲಿನ ಕೆಲಸ. ಸ್ವಲ್ಪ ಪೈಥಾನ್ ಬಂದು, ಹವಾಮಾನದ ಡೇಟಾ ಇಡುವ ನೆಟ್‌ಸಿಡಿಎಫ್ ಫೈಲ್ ತೆರೆಯಲು ಗೊತ್ತಿದ್ದರೆ ಮುಂದಿನದನ್ನೆಲ್ಲ ನೀವೇ ಮಾಡಿ ನೋಡಬಹುದು.

ಉಪಗ್ರಹ ನಿಜವಾಗಿ ಏನನ್ನು ಅಳೆಯುತ್ತದೆ

ಗಾಳಿಯನ್ನಲ್ಲ. ನೀರಿನ ಮೇಲ್ಮೈ ಎಷ್ಟು ಒರಟಾಗಿದೆ ಅನ್ನುವುದನ್ನು.

ಕಡಲ ಗಾಳಿಗಾಗಿ ಉಪಗ್ರಹದಲ್ಲಿ ಇಟ್ಟಿರುವ ಸ್ಕ್ಯಾಟರೋಮೀಟರ್ ಒಂದು ರೇಡಾರ್. ಅದು ಕೆಳಕ್ಕೆ ಓರೆಯಾಗಿ ಅಲೆಗಳನ್ನು ಕಳಿಸಿ, ಎಷ್ಟು ಶಕ್ತಿ ವಾಪಸ್ ಬಂತು ಅಂತ ನೋಡುತ್ತದೆ. ಗಾಳಿ ಬೀಸಿದಾಗ ನೀರಿನ ಮೇಲೆ ಕೆಲವೇ ಸೆಂಟಿಮೀಟರ್ ಉದ್ದದ ಕಿರು ಅಲೆಗಳು ಏಳುತ್ತವೆ. ರೇಡಾರ್‌ನ ತರಂಗವೂ ಹೆಚ್ಚುಕಡಿಮೆ ಅಷ್ಟೇ ಉದ್ದದ್ದು. ಈ ರೇಡಾರ್‌ಗಳು ಬಳಸುವ ತರಂಗಗಳಲ್ಲಿ ಎರಡು ಗುಂಪು: ಸಿ-ಬ್ಯಾಂಡ್‌ನಲ್ಲಿ ಸುಮಾರು 5.7 ಸೆಂ.ಮೀ., ಕೆಯು-ಬ್ಯಾಂಡ್‌ನಲ್ಲಿ ಸುಮಾರು 2.2 ಸೆಂ.ಮೀ. ಗಾಳಿ ಜೋರಾದಷ್ಟೂ ಒರಟು ಜಾಸ್ತಿ, ವಾಪಸ್ ಬರುವ ಶಕ್ತಿಯೂ ಜಾಸ್ತಿ. ಒಂದೇ ಜಾಗವನ್ನು ಬೇರೆ ಬೇರೆ ಕೋನದಿಂದ ನೋಡಿದರೆ ಗಾಳಿಯ ದಿಕ್ಕೂ ಸಿಗುತ್ತದೆ. ಆದರೆ ಒಂದೇ ಉತ್ತರ ಸಿಗುವುದಿಲ್ಲ. ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿಕ್ಕುಗಳು ಹೊಂದುತ್ತವೆ. ಅವುಗಳಲ್ಲಿ ಒಂದನ್ನು ಆರಿಸಲು ಹವಾಮಾನ ಮಾಡೆಲ್‌ನ ಸಹಾಯವನ್ನೇ ಪಡೆಯುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಡೇಟಾ ಆರಿಸುವುದು

ಉಪಗ್ರಹದ ಕಡೆಯಿಂದ ಆಸ್ಕ್ಯಾಟ್ ಅನ್ನುವ ಸ್ಕ್ಯಾಟರೋಮೀಟರ್ ಜೊತೆ ಶುರುಮಾಡಿ ಅನ್ನುವುದು ನನ್ನ ಸಲಹೆ. ಅದು ಯುರೋಪಿನ ಮೆಟಾಪ್ ಉಪಗ್ರಹಗಳ ಮೇಲಿದೆ. ಮೆಟಾಪ್-ಎ 2006ರಲ್ಲಿ, ಬಿ 2012ರಲ್ಲಿ, ಸಿ 2018ರಲ್ಲಿ ಹಾರಿದವು. ಎ 2021ರಲ್ಲಿ ಕೆಲಸ ಮುಗಿಸಿತು. ಸಿ-ಬ್ಯಾಂಡ್ ಆದ್ದರಿಂದ ಮಳೆಯ ಕಾಟ ಕಡಿಮೆ. ಹಾದಿಯ ಎರಡೂ ಬದಿಗೆ ಸುಮಾರು 550 ಕಿ.ಮೀ. ಅಗಲದ ಒಂದೊಂದು ಪಟ್ಟಿಯನ್ನು ನೋಡುತ್ತದೆ. ನಡುವೆ ಖಾಲಿ ಜಾಗ ಉಳಿಯುತ್ತದೆ.

ಕೆಯು-ಬ್ಯಾಂಡ್‌ನಲ್ಲಿ ಕ್ವಿಕ್‌ಸ್ಕ್ಯಾಟ್ 1999ರಿಂದ 2009ರವರೆಗೆ ಹತ್ತು ವರ್ಷದ ದೊಡ್ಡ ದಾಖಲೆ ಬಿಟ್ಟುಹೋಗಿದೆ. ಆಮೇಲೆ ಭಾರತದ ಓಷನ್‌ಸ್ಯಾಟ್-2, ಸ್ಕ್ಯಾಟ್‌ಸ್ಯಾಟ್-1 (ಈ ಎರಡರ ಅಳತೆ ಈಗ ನಿಂತಿದೆ, ಹಳೆಯ ದಾಖಲೆ ಸಿಗುತ್ತದೆ), 2022ರ ನವೆಂಬರ್‌ನಲ್ಲಿ ಹಾರಿದ ಓಷನ್‌ಸ್ಯಾಟ್-3, ಚೀನಾದ ಎಚ್‌ವೈ-2 ಸರಣಿ ಇವೆ. ಇವು ಅಗಲವಾದ ಜಾಗವನ್ನು ನೋಡುತ್ತವೆ, ಆದರೆ ಮಳೆ ಬಂದರೆ ತೊಂದರೆ. ನೀರಿನ ತಾಪಮಾನದ ಪ್ರಭಾವವೂ ಕೆಯು-ಬ್ಯಾಂಡ್ ಮೇಲೆ ಹೆಚ್ಚು. ಅದನ್ನು ಸರಿಪಡಿಸದ ಡೇಟಾದಲ್ಲಿ ತಣ್ಣನೆಯ ಕಡಲಿನ ಗಾಳಿ ಕಡಿಮೆ ಕಾಣಿಸುತ್ತದೆ.

ಮಾಡೆಲ್ ಕಡೆಯಿಂದ ಇಆರ್‌ಎ5 ಸುಲಭ. ಹಳೆಯ ಅಳತೆಗಳನ್ನು ಮಾಡೆಲ್‌ಗೆ ಸೇರಿಸಿ ಯುರೋಪಿನ ಹವಾಮಾನ ಕೇಂದ್ರ ಕಟ್ಟಿದ ದಾಖಲೆ ಅದು. 0.25 ಡಿಗ್ರಿ ಗ್ರಿಡ್, ಗಂಟೆಗೊಂದು ಮೌಲ್ಯ, 1940ರಿಂದ ಈಚೆಗೆ. ದಿನದಿನದ ಮುನ್ಸೂಚನೆಯನ್ನು ಪರೀಕ್ಷಿಸುವುದಾದರೆ ನಿಮ್ಮ ಮಾಡೆಲ್‌ನ ಫೈಲ್‌ಗಳನ್ನೇ ತೆಗೆದುಕೊಳ್ಳಿ.

ಇಲ್ಲೊಂದು ಮುಖ್ಯ ಮಾತು. ಇಆರ್‌ಎ5 ತಯಾರಾಗುವಾಗಲೇ ಸ್ಕ್ಯಾಟರೋಮೀಟರ್ ಗಾಳಿಯನ್ನು ಒಳಕ್ಕೆ ತೆಗೆದುಕೊಂಡಿರುತ್ತದೆ. ದೊಡ್ಡ ಹವಾಮಾನ ಕೇಂದ್ರಗಳ ಅನಾಲಿಸಿಸ್ (ಅಳತೆಗಳನ್ನು ಮಾಡೆಲ್‌ಗೆ ಸೇರಿಸಿ ಕಟ್ಟಿದ ಆ ಹೊತ್ತಿನ ಚಿತ್ರ) ಕೂಡ ಹಾಗೆಯೇ. ಅಂದರೆ ಅನಾಲಿಸಿಸ್ ಮತ್ತು ಆಸ್ಕ್ಯಾಟ್ ಹೊಂದಿಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ಉತ್ತರಪತ್ರಿಕೆ ನೋಡಿ ಬರೆದವರಿಗೆ ಅದೇ ಉತ್ತರಪತ್ರಿಕೆಯಿಂದ ಅಂಕ ಕೊಟ್ಟ ಹಾಗೆ ಅದು. ಮಾಡೆಲ್‌ನ ನಿಜವಾದ ಶಕ್ತಿ ನೋಡಬೇಕೆಂದರೆ ಅನಾಲಿಸಿಸ್ ಬಿಟ್ಟು, ಆ ಹೊತ್ತಿನ ಅಳತೆ ಒಳಗೆ ಸೇರುವ ಮುಂಚಿನ ಮುನ್ಸೂಚನೆಯನ್ನು ತೆಗೆದುಕೊಳ್ಳಿ. ದಿಕ್ಕನ್ನು ಆರಿಸುವಾಗಲೂ ಮಾಡೆಲ್ ಸಹಾಯ ಮಾಡಿರುತ್ತದೆ ಅಂತ ಆಗಲೇ ನೋಡಿದೆವು. ಹಾಗಾಗಿ ದಿಕ್ಕು ಚೆನ್ನಾಗಿ ಹೊಂದಿದೆ ಅಂತ ಬರೆಯುವ ಮುಂಚೆ ಇನ್ನೊಮ್ಮೆ ಯೋಚಿಸಿ.

ಎರಡೂ ‘ಗಾಳಿ’ಗಳನ್ನು ಒಂದೇ ಅರ್ಥಕ್ಕೆ ತನ್ನಿ

ಹೊಸಬರು ಸಾಮಾನ್ಯವಾಗಿ ಬಿಟ್ಟುಬಿಡುವ ಹೆಜ್ಜೆ ಇದು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

ಮಾಡೆಲ್ ಕೊಡುವುದು 10 ಮೀಟರ್ ಎತ್ತರದ ಗಾಳಿ. ಉಪಗ್ರಹ ನೋಡುವುದು ಒರಟನ್ನು, ಅಂದರೆ ಗಾಳಿ ನೀರನ್ನು ಎಷ್ಟು ಉಜ್ಜುತ್ತಿದೆ ಅನ್ನುವುದನ್ನು. ಆ ಉಜ್ಜುವಿಕೆಯಿಂದ 10 ಮೀಟರ್ ಎತ್ತರದ ಗಾಳಿಗೆ ಹೋಗಲು ಗಾಳಿಪದರ ಹೇಗಿದೆ ಅಂತ ಊಹೆ ಮಾಡಬೇಕು. ಪದರ ನ್ಯೂಟ್ರಲ್ ಇದೆ, ಅಂದರೆ ಕೆಳಗಿನಿಂದ ಬಿಸಿಯೂ ಆಗುತ್ತಿಲ್ಲ, ತಣ್ಣಗೂ ಆಗುತ್ತಿಲ್ಲ ಅಂತ ಇಟ್ಟುಕೊಳ್ಳುತ್ತಾರೆ. ಅದಕ್ಕೇ ಉಪಗ್ರಹದ ಗಾಳಿಗೆ ‘ಈಕ್ವಿವಲೆಂಟ್ ನ್ಯೂಟ್ರಲ್ ವಿಂಡ್’ ಅನ್ನುವ ಹೆಸರು.

ನೀರು ಬೆಚ್ಚಗಿದ್ದು ಮೇಲಿನ ಗಾಳಿ ತಣ್ಣಗಿದ್ದರೆ ನ್ಯೂಟ್ರಲ್ ಗಾಳಿ ನಿಜವಾದ ಗಾಳಿಗಿಂತ ಜಾಸ್ತಿ ಬರುತ್ತದೆ. ಬೆಚ್ಚನೆಯ ಗಾಳಿ ತಣ್ಣನೆಯ ನೀರಿನ ಮೇಲೆ ಬಂದರೆ ಕಡಿಮೆ. ಜಗತ್ತಿನ ಕಡಲುಗಳ ಸರಾಸರಿ ತೆಗೆದರೆ ನ್ಯೂಟ್ರಲ್ ಗಾಳಿ ಸುಮಾರು 0.2 ಮೀ/ಸೆ ಹೆಚ್ಚು. ಯಾರ ತಪ್ಪೂ ಇಲ್ಲದೆ ಬರುವ ವ್ಯತ್ಯಾಸ ಇದು. ಸುಮ್ನೆ ಮಾಡೆಲ್‌ನ 10 ಮೀಟರ್ ಗಾಳಿಯನ್ನು ತೆಗೆದು ಹೋಲಿಸಿದರೆ, ‘ಮಾಡೆಲ್ 0.2 ಕಡಿಮೆ ಹೇಳುತ್ತದೆ’ ಅನ್ನುವ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಪರಿಹಾರ ಸುಲಭ. ಇಆರ್‌ಎ5ನಲ್ಲಿ 10 ಮೀಟರ್ ನ್ಯೂಟ್ರಲ್ ಗಾಳಿಯ ಯು ಮತ್ತು ವಿ (ಪೂರ್ವಕ್ಕೆ ಮತ್ತು ಉತ್ತರಕ್ಕೆ ಹೋಗುವ ಪಾಲು) ಬೇರೆಯಾಗಿಯೇ ಸಿಗುತ್ತವೆ. ಅವನ್ನೇ ಇಳಿಸಿಕೊಳ್ಳಿ. ನಿಮ್ಮ ಮಾಡೆಲ್‌ನಲ್ಲಿ ಅದು ಇಲ್ಲದಿದ್ದರೆ ಗಾಳಿಯ ತಾಪಮಾನ, ನೀರಿನ ತಾಪಮಾನ, ತೇವಾಂಶ ಮತ್ತು ಒತ್ತಡ ತೆಗೆದುಕೊಂಡು ಕೋರ್ (COARE) ಥರದ ಬಲ್ಕ್ ಅಲ್ಗಾರಿದಮ್‌ನಿಂದ, ಅಂದರೆ ಕಡಲು-ಗಾಳಿಯ ಉಜ್ಜುವಿಕೆಯನ್ನು ಈ ಅಳತೆಗಳಿಂದ ಅಂದಾಜು ಮಾಡುವ ಸೂತ್ರಗಳಿಂದ ಲೆಕ್ಕ ಹಾಕಬಹುದು.

ಇನ್ನೂ ಒಂದು ತಿದ್ದುಪಡಿ ಇದೆ. ಭಾರವಾದ ಗಾಳಿ ಅದೇ ವೇಗದಲ್ಲಿ ನೀರನ್ನು ಹೆಚ್ಚು ಉಜ್ಜುತ್ತದೆ. ಹಾಗಾಗಿ ನ್ಯೂಟ್ರಲ್ ಗಾಳಿಯನ್ನು ಗಾಳಿಯ ಸಾಂದ್ರತೆ ಮತ್ತು 1.225 ಕೆ.ಜಿ./ಘನ ಮೀಟರ್ ಇವುಗಳ ಅನುಪಾತದ ವರ್ಗಮೂಲದಿಂದ ಗುಣಿಸುತ್ತಾರೆ. ಇದಕ್ಕೆ ‘ಸ್ಟ್ರೆಸ್ ಈಕ್ವಿವಲೆಂಟ್ ವಿಂಡ್’ ಅನ್ನುತ್ತಾರೆ. ಸಾಂದ್ರತೆ 1.3 ಇರುವ ತಣ್ಣನೆಯ ಗಾಳಿಯಲ್ಲಿ ಇದು ಶೇಕಡ 3ರಷ್ಟು. 15 ಮೀ/ಸೆ ಗಾಳಿಯಲ್ಲಿ ಸುಮಾರು 0.45 ಮೀ/ಸೆ ಆಯಿತು, ಕಡೆಗಣಿಸುವಷ್ಟು ಚಿಕ್ಕದಲ್ಲ. ಉಷ್ಣವಲಯದಲ್ಲಿ ಮಾತ್ರ ಕೆಲಸ ಮಾಡುವವರಿಗೆ ಇದರ ಚಿಂತೆ ಕಡಿಮೆ.

ಕೊನೆಯದಾಗಿ ಕಡಲಿನ ಪ್ರವಾಹ. ನೀರೇ ಗಾಳಿಯ ದಿಕ್ಕಿಗೆ ಓಡುತ್ತಿದ್ದರೆ ಉಜ್ಜುವುದು ಕಡಿಮೆಯಾಗುತ್ತದೆ. ಉಪಗ್ರಹ ನೋಡುವುದು ಹರಿಯುವ ನೀರಿನ ಲೆಕ್ಕದ ಗಾಳಿಯನ್ನು. ಇಆರ್‌ಎ5 ಲೆಕ್ಕದಲ್ಲಿ ನೀರು ನಿಂತೇ ಇರುತ್ತದೆ. ಗಲ್ಫ್ ಸ್ಟ್ರೀಮ್, ಕುರೋಶಿಯೊ, ಮುಂಗಾರಿನ ಹೊತ್ತಿನ ಸೋಮಾಲಿ ಪ್ರವಾಹ ಇಂಥ ಕಡೆ ಪ್ರವಾಹದ ವೇಗ ಸೆಕೆಂಡಿಗೆ 1 ಮೀಟರ್ ದಾಟುತ್ತದೆ. ನಿಮ್ಮ ವ್ಯತ್ಯಾಸದ ನಕ್ಷೆಯಲ್ಲಿ ಪ್ರವಾಹದ ಆಕಾರವೇ ಮೂಡಿ ಬಂದರೆ ಹೆದರಬೇಡಿ. ನಿಮ್ಮ ಲೆಕ್ಕ ಸರಿಯಾಗಿದೆ ಅನ್ನುವುದಕ್ಕೆ ಅದು ಒಳ್ಳೆಯ ಗುರುತು.

ದಿಕ್ಕಿನ ಬಲೆ

ಮೂಡಣ ಗಾಳಿ, ಪಡುವಣ ಗಾಳಿ ಅಂತ ನಾವು ಹೇಳುವಾಗ ಗಾಳಿ ಎಲ್ಲಿಂದ ಬರುತ್ತದೆ ಅನ್ನುವುದನ್ನು ಹೇಳುತ್ತೇವೆ, ಅಲ್ವಾ? ಹವಾಮಾನದವರ ರೂಢಿಯೂ ಅದೇ. ಆದರೆ ಕಡಲಿನ ಅಧ್ಯಯನ ಮಾಡುವವರ ರೂಢಿಯಲ್ಲಿ ದಿಕ್ಕು ಅಂದರೆ ಗಾಳಿ ಎಲ್ಲಿಗೆ ಹೋಗುತ್ತದೆ ಅನ್ನುವುದು. ಆಸ್ಕ್ಯಾಟ್ ಗಾಳಿಯ ಡೇಟಾ ಕೊಡುವ ಯುರೋಪಿನ ಒಎಸ್‌ಐ ಸ್ಯಾಫ್‌ನ ಫೈಲ್‌ಗಳಲ್ಲಿ ಇರುವುದು ಈ ಎರಡನೆಯ ರೂಢಿ. ನಾನು ಮೊದಲ ಸಲ ಈ ಹೋಲಿಕೆ ಮಾಡಿದಾಗ ದಿಕ್ಕಿನ ವ್ಯತ್ಯಾಸವೆಲ್ಲ 180 ಡಿಗ್ರಿ ಸುತ್ತ ಬಂದು ನಿಂತಿತ್ತು. ವೇಗ ಮಾತ್ರ ಚೆನ್ನಾಗಿ ಹೊಂದುತ್ತಿತ್ತು. ಎರಡು ದಿನ ಕೋಡ್‌ನಲ್ಲಿ ತಪ್ಪು ಹುಡುಕಿದೆ. ಉತ್ತರ ಫೈಲ್‌ನ ವಿವರಣೆಯಲ್ಲೇ ಬರೆದಿತ್ತು. ಅಂದಿನಿಂದ ಯಾವ ಹೊಸ ಫೈಲ್ ಬಂದರೂ ಮೊದಲು ಆ ವಿವರಣೆಯನ್ನು ಪೂರ್ತಿ ಓದುತ್ತೇನೆ.

ಗಾಳಿ ಹೋಗುವ ದಿಕ್ಕು ಇದ್ದರೆ: ಯು = ವೇಗ × ಸೈನ್(ದಿಕ್ಕು), ವಿ = ವೇಗ × ಕೊಸೈನ್(ದಿಕ್ಕು). ಬರುವ ದಿಕ್ಕು ಇದ್ದರೆ ಎರಡರ ಮುಂದೆಯೂ ಮೈನಸ್. ಯು ಅಂದರೆ ಪೂರ್ವಕ್ಕೆ ಹೋಗುವ ಪಾಲು, ವಿ ಅಂದರೆ ಉತ್ತರಕ್ಕೆ ಹೋಗುವ ಪಾಲು. ಮುಂದಿನ ಲೆಕ್ಕವನ್ನೆಲ್ಲ ಯು, ವಿ ಮೇಲೆಯೇ ಮಾಡಿ. ಡಿಗ್ರಿಗಳನ್ನು ನೇರವಾಗಿ ಸರಾಸರಿ ಮಾಡಬೇಡಿ. 350 ಮತ್ತು 10ರ ಸರಾಸರಿ 180 ಬರುತ್ತದೆ, ಅದು ಪೂರ್ತಿ ಎದುರು ದಿಕ್ಕು.

ಇದೇ ಹೊತ್ತಿಗೆ ಸಣ್ಣಪುಟ್ಟವನ್ನೂ ನೋಡಿಕೊಳ್ಳಿ. ರೇಖಾಂಶ ಒಂದು ಫೈಲ್‌ನಲ್ಲಿ 0ಯಿಂದ 360, ಇನ್ನೊಂದರಲ್ಲಿ −180ರಿಂದ 180 ಇರಬಹುದು. ಇಆರ್‌ಎ5ನ ಅಕ್ಷಾಂಶ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ. ಆಸ್ಕ್ಯಾಟ್ ಫೈಲ್‌ನ ಸಮಯ 1990ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ ಇರುತ್ತದೆ.

ಕೆಟ್ಟ ಬಿಂದುಗಳನ್ನು ತೆಗೆಯುವುದು

ಪ್ರತಿ ಅಳತೆಯ ಜೊತೆಗೂ ಒಂದು ಗುಣಮಟ್ಟದ ಫ್ಲ್ಯಾಗ್ ಇರುತ್ತದೆ. ಅದು ಬಿಟ್‌ಗಳ ರೂಪದಲ್ಲಿದೆ: ನೆಲ, ಮಂಜುಗಡ್ಡೆ, ಮಳೆ, ಪರೀಕ್ಷೆಯಲ್ಲಿ ಸೋತದ್ದು ಹೀಗೆ ಒಂದೊಂದಕ್ಕೆ ಒಂದೊಂದು ಬಿಟ್. ಯಾವುದನ್ನು ತೆಗೆದಿರಿ ಅಂತ ಬರೆದಿಡಿ. ಎಷ್ಟು ಶೇಕಡ ಹೋಯಿತು ಅನ್ನುವುದನ್ನೂ ಬರೆದಿಡಿ.

ಏಕೆಂದರೆ ಹೀಗೆ ತೆಗೆದುಹಾಕುವುದಕ್ಕೂ ಒಂದು ಬೆಲೆ ಇದೆ. ಮಳೆ ಸುರಿಯುವ ಜಾಗ, ಗುಡುಗು ಮೋಡದಿಂದ ಗಾಳಿ ಕೆಳಕ್ಕೆ ನುಗ್ಗಿ ಹರಡುವ ಜಾಗ, ಗಾಳಿ ಚಕ್ಕನೆ ದಿಕ್ಕು ಬದಲಿಸುವ ಗೆರೆ ಇವುಗಳೇ ಹೆಚ್ಚಾಗಿ ಪರೀಕ್ಷೆಯಲ್ಲಿ ಸೋಲುವುದು. ಮಾಡೆಲ್ ಹೆಚ್ಚು ತಪ್ಪುವುದೂ ಅಲ್ಲೇ. ಅವನ್ನೆಲ್ಲ ತೆಗೆದ ಮೇಲೆ ಮಾಡೆಲ್ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ಕೆಯು-ಬ್ಯಾಂಡ್‌ನಲ್ಲಿ ಮಳೆಹನಿಗಳೇ ರೇಡಾರ್ ಅಲೆಯನ್ನು ಚದುರಿಸಿ, ನಿಧಾನದ ಗಾಳಿಯನ್ನು ಜೋರಿನದ್ದಾಗಿ ತೋರಿಸುತ್ತವೆ. ಅಲ್ಲಿ ತೆಗೆಯದೆ ದಾರಿಯಿಲ್ಲ. ಆಸ್ಕ್ಯಾಟ್‌ನಲ್ಲಿ ಮಾತ್ರ ಲೆಕ್ಕವನ್ನು ಎರಡು ಸಲ ಮಾಡಿ ನೋಡಿ, ತೆಗೆದು ಒಮ್ಮೆ, ತೆಗೆಯದೆ ಒಮ್ಮೆ. ಎರಡರ ನಡುವಿನ ಅಂತರ ಬಹಳ ಕಲಿಸುತ್ತದೆ.

ಜೋಡಿ ಮಾಡುವುದು

ಮಾಡೆಲ್ ಅನ್ನು ಉಪಗ್ರಹದ ಜಾಗಕ್ಕೆ ಮತ್ತು ಹೊತ್ತಿಗೆ ತನ್ನಿ. ಉಪಗ್ರಹವನ್ನು ಮಾಡೆಲ್ ಗ್ರಿಡ್‌ಗೆ ತರಬೇಡಿ. ಮಾಡೆಲ್ ನಯವಾಗಿದೆ, ಅದನ್ನು ನಡುವಿನ ಬಿಂದುವಿಗೆ ಲೆಕ್ಕ ಹಾಕಿದರೆ ಹೆಚ್ಚು ಕೆಡುವುದಿಲ್ಲ.

ಉದಾಹರಣೆಗೆ ಆಸ್ಕ್ಯಾಟ್ ಅಳತೆ 09:40ರದ್ದು ಅಂತ ಇಟ್ಟುಕೊಳ್ಳಿ. 09:00ರ ಮಾಡೆಲ್ ಗಾಳಿಗೆ ಮೂರನೇ ಒಂದು ತೂಕ, 10:00ರದ್ದಕ್ಕೆ ಮೂರನೇ ಎರಡು ತೂಕ ಕೊಡಿ. ಜಾಗಕ್ಕೆ ಸುತ್ತಲಿನ ನಾಲ್ಕು ಗ್ರಿಡ್ ಬಿಂದುಗಳಿಂದ ಬೈಲೀನಿಯರ್, ಅಂದರೆ ಹತ್ತಿರದ ಬಿಂದುವಿಗೆ ಹೆಚ್ಚು ತೂಕ. ಪೈಥಾನ್‌ನ ಎಕ್ಸ್‌ಅರೇ ಅಥವಾ ಸೈಪೈ ಲೈಬ್ರರಿಗಳು ಇದನ್ನು ಒಂದೆರಡು ಸಾಲಿನಲ್ಲಿ ಮಾಡುತ್ತವೆ. ‘ಹತ್ತಿರದ ಗಂಟೆ ತೆಗೆದುಕೊಂಡರೆ ಸಾಲದೇ?’ ಅಂತ ಅನ್ನಿಸಬಹುದು. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಸಾಗುವ ಗಾಳಿಗೆರೆ ಅರ್ಧ ಗಂಟೆಯಲ್ಲಿ 27 ಕಿ.ಮೀ. ಹೋಗಿಬಿಡುತ್ತದೆ. ಅದು ಒಂದು ಪೂರ್ತಿ ಗ್ರಿಡ್ ಚೌಕದಷ್ಟು. ಮೂರು ಅಥವಾ ಆರು ಗಂಟೆಗೊಮ್ಮೆ ಮಾತ್ರ ಸಿಗುವ ಮಾಡೆಲ್ ಡೇಟಾ ಇದ್ದರೆ ಈ ತೊಂದರೆ ಇನ್ನೂ ದೊಡ್ಡದು.

ಕರಾವಳಿಯ ಹತ್ತಿರ ಎಚ್ಚರ. ನಾಲ್ಕು ಬಿಂದುಗಳಲ್ಲಿ ಒಂದು ನೆಲದ ಮೇಲಿದ್ದರೂ ಅಲ್ಲಿನ ನಿಧಾನದ ಗಾಳಿ ಒಳಗೆ ಸೇರುತ್ತದೆ. ಅಂಥ ಜೋಡಿಗಳನ್ನು ಬಿಟ್ಟುಬಿಡಿ.

ಅಂಕಿಗಳನ್ನು ತೆಗೆಯುವುದು

ವ್ಯತ್ಯಾಸ ಅಂದರೆ ಉಪಗ್ರಹ ಕಳೆಯುವುದು ಮಾಡೆಲ್, ಅಥವಾ ಅದರ ಉಲ್ಟಾ. ಯಾವುದಾದರೂ ಸರಿ, ಒಂದನ್ನು ಹಿಡಿದು ಎಲ್ಲ ಚಿತ್ರದ ಮೇಲೂ ಬರೆಯಿರಿ. ವೇಗ, ಯು, ವಿ ಮೂರಕ್ಕೂ ಸರಾಸರಿ ವ್ಯತ್ಯಾಸ ಮತ್ತು ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆಯಿರಿ. ದಿಕ್ಕಿನ ವ್ಯತ್ಯಾಸವನ್ನು −180ರಿಂದ 180ರೊಳಗೆ ತಂದು, 4 ಮೀ/ಸೆಗಿಂತ ಜೋರಿನ ಗಾಳಿಗೆ ಮಾತ್ರ ಲೆಕ್ಕ ಹಾಕಿ. ನಿಂತಂತಿರುವ ಗಾಳಿಗೆ ದಿಕ್ಕು ಕೇಳಿ ಉಪಯೋಗವಿಲ್ಲ. ಒಂದು ಅಳತೆಗೋಲು ಬೇಕೆಂದರೆ, ಆಸ್ಕ್ಯಾಟ್‌ಗೆ ಇಟ್ಟಿರುವ ಗುರಿ ಹೀಗಿದೆ: ಯು, ವಿ ದೋಷ 2 ಮೀ/ಸೆ ಒಳಗೆ, ವೇಗದ ಬಯಾಸ್ (ಅಂದರೆ ಸರಾಸರಿ ವ್ಯತ್ಯಾಸ) 0.5 ಮೀ/ಸೆ ಒಳಗೆ.

ನಿಧಾನದ ಗಾಳಿಯ ಬಗ್ಗೆ ಇನ್ನೊಂದು ಮಾತು. ವೇಗ ಎಂದೂ ಸೊನ್ನೆಗಿಂತ ಕಡಿಮೆ ಆಗುವುದಿಲ್ಲ. ಗಾಳಿಯೇ ಇಲ್ಲದ ಜಾಗದಲ್ಲಿ ಯು ಮತ್ತು ವಿ ಎರಡಕ್ಕೂ 1 ಮೀ/ಸೆ ದೋಷವಿರುವ ಸಾಧನ ಇಟ್ಟರೆ, ಅದು ತೋರಿಸುವ ಸರಾಸರಿ ವೇಗ 1.25 ಮೀ/ಸೆ. ಯು, ವಿಗಳಲ್ಲಿ ಬಯಾಸ್ ಇಲ್ಲ, ವೇಗದಲ್ಲಿ ಇದೆ! ಅದಕ್ಕೇ ವೇಗವೊಂದನ್ನೇ ನೋಡಿ ನಿರ್ಧಾರ ಮಾಡಬಾರದು.

ಇದರ ಅಣ್ಣತಮ್ಮನಂಥ ತೊಂದರೆ ಇನ್ನೊಂದಿದೆ. ವ್ಯತ್ಯಾಸ ಗಾಳಿಯ ವೇಗದ ಜೊತೆ ಹೇಗೆ ಬದಲಾಗುತ್ತದೆ ಅಂತ ನೋಡಲು ಎಲ್ಲರೂ ಜೋಡಿಗಳನ್ನು ಗುಂಪು ಮಾಡುತ್ತಾರೆ: 0–2, 2–4, 4–6 ಹೀಗೆ. ಯಾರ ವೇಗದ ಪ್ರಕಾರ ಗುಂಪು ಮಾಡಬೇಕು? ಉಪಗ್ರಹದ ವೇಗದ ಪ್ರಕಾರ ಮಾಡಿದರೆ 20 ಮೀ/ಸೆ ಗುಂಪಿಗೆ ಬೀಳುವ ಬಿಂದುಗಳಲ್ಲಿ, ದೋಷದಿಂದಾಗಿ ಮೇಲಕ್ಕೆ ಹಾರಿದ ಅಳತೆಗಳೇ ಜಾಸ್ತಿ ಇರುತ್ತವೆ. ಆಗ ಮಾಡೆಲ್ ಜೋರು ಗಾಳಿಯನ್ನು ಕಡಿಮೆ ಹೇಳುತ್ತಿದೆ ಅಂತ ಕಾಣುತ್ತದೆ. ಮಾಡೆಲ್ ವೇಗದ ಪ್ರಕಾರ ಗುಂಪು ಮಾಡಿದರೆ ಕಥೆ ಉಲ್ಟಾ. ಅದೇ ಡೇಟಾ, ಎರಡು ವಿರುದ್ಧ ತೀರ್ಮಾನ! ಎರಡರ ಸರಾಸರಿ ವೇಗದ ಪ್ರಕಾರ ಗುಂಪು ಮಾಡಿ. ಪೂರ್ತಿ ಪರಿಹಾರ ಅಲ್ಲ, ಆದರೆ ಬಹಳ ಮಟ್ಟಿಗೆ ಸರಿಹೋಗುತ್ತದೆ. ಮೂರೂ ರೀತಿಯ ಗೆರೆಗಳನ್ನು ಒಂದೇ ಚಿತ್ರದಲ್ಲಿ ಎಳೆದು ನೋಡಿದರೆ ವಿಷಯ ಮನಸ್ಸಿಗೆ ಕೂರುತ್ತದೆ.

ಸುಮಾರು 25 ಮೀ/ಸೆ ಮೇಲೆ ಸ್ಕ್ಯಾಟರೋಮೀಟರ್ ಮಂಕಾಗುತ್ತದೆ. ಗಾಳಿ ಏರಿದರೂ ವಾಪಸ್ ಬರುವ ಶಕ್ತಿ ಅಷ್ಟಾಗಿ ಏರುವುದಿಲ್ಲ. ಚಂಡಮಾರುತದ ಒಳಭಾಗಕ್ಕೆ ಸ್ಮ್ಯಾಪ್, ಸ್ಮಾಸ್ ಉಪಗ್ರಹಗಳ ಎಲ್-ಬ್ಯಾಂಡ್ ರೇಡಿಯೋಮೀಟರ್‌ಗಳನ್ನು (ತಾವು ಅಲೆ ಕಳಿಸದೆ, ಕಡಲಿನಿಂದ ಹೊರಡುವ ಅಲೆಗಳನ್ನಷ್ಟೇ ಅಳೆಯುವ ಸಾಧನ) ನೋಡಿ. ಅವುಗಳ ಬಿಂದು ಅಗಲ, ಆದರೆ ಜೋರು ಗಾಳಿಯಲ್ಲೂ ಅವು ಸ್ಪಂದಿಸುತ್ತವೆ.

ಇನ್ನು ಸಂಖ್ಯೆಯ ಭ್ರಮೆ. ಒಂದು ತಿಂಗಳಲ್ಲಿ ಲಕ್ಷಾಂತರ ಜೋಡಿ ಸಿಗುತ್ತವೆ. ಆದರೆ ಅಕ್ಕಪಕ್ಕದ ಬಿಂದುಗಳ ದೋಷ ಒಂದೇ ಥರ ಇರುತ್ತದೆ. ಒಂದು ಚಂಡಮಾರುತವನ್ನು ಮಾಡೆಲ್ 50 ಕಿ.ಮೀ. ಆಚೆ ಇಟ್ಟರೆ ಸಾವಿರ ಜೋಡಿ ಒಟ್ಟಿಗೇ ಕೆಡುತ್ತವೆ. ಬಯಾಸ್‌ಗೆ ಎಷ್ಟು ಅನಿಶ್ಚಿತತೆ ಇದೆ ಅಂತ ತಿಳಿಯಲು ಬಿಂದುಗಳನ್ನಲ್ಲ, ಪೂರ್ತಿ ದಿನಗಳನ್ನು ಎತ್ತಿ ಬೂಟ್‌ಸ್ಟ್ರ್ಯಾಪ್ ಮಾಡಿ. ಅಂದರೆ ದಿನಗಳನ್ನು ಚೀಟಿ ಎತ್ತಿದ ಹಾಗೆ ಮತ್ತೆ ಮತ್ತೆ ಆರಿಸಿ, ಪ್ರತಿ ಸಲವೂ ಬಯಾಸ್ ಲೆಕ್ಕ ಹಾಕಿ, ಉತ್ತರ ಎಷ್ಟು ಹರಡುತ್ತದೆ ಅಂತ ನೋಡಿ.

ಮೂರನೆಯ ಸಾಕ್ಷಿ

ಇಬ್ಬರ ನಡುವೆ ವ್ಯತ್ಯಾಸ ಇದೆ ಅಂದಾಗ ಯಾರ ಪಾಲು ಎಷ್ಟು ಅಂತ ಇಬ್ಬರನ್ನೇ ನೋಡಿ ಹೇಳಲಾಗದು. ಮೂರನೆಯ ಸಾಧನ ಬೇಕು. ಬಾಯ್‌ಗಳು, ಅಂದರೆ ಕಡಲಿನಲ್ಲಿ ಗಾಳಿಮಾಪಕ ಹೊತ್ತು ತೇಲುವ ಬುರುಡೆಗಳು, ಅದಕ್ಕೆ ಸರಿ. ಆದರೆ ಬಾಯ್‌ನ ಗಾಳಿಮಾಪಕ ಹೆಚ್ಚಾಗಿ 10 ಮೀಟರ್‌ಗಿಂತ ಕೆಳಗೆ, ಎಷ್ಟೋ ಕಡೆ 4 ಮೀಟರ್ ಎತ್ತರದಲ್ಲಿ ಇರುತ್ತದೆ. ನೀರಿನ ಒರಟಿನ ಅಳತೆ 0.2 ಮಿ.ಮೀ. ಅಂತ ಹಿಡಿದು ಲೆಕ್ಕ ಹಾಕಿದರೆ 10 ಮೀಟರ್‌ನ ನ್ಯೂಟ್ರಲ್ ಗಾಳಿ ಶೇಕಡ 9ರಷ್ಟು ಜಾಸ್ತಿ. ಇದನ್ನು ಮೊದಲು ಸರಿಮಾಡಿಕೊಳ್ಳಿ.

ಆಮೇಲಿನದು ಟ್ರಿಪಲ್ ಕೊಲೊಕೇಶನ್, ಅಂದರೆ ಮೂರು ಅಳತೆಗಳನ್ನು ಒಟ್ಟಿಗೆ ಹೋಲಿಸುವುದು. ಗಾಳಿಗೆ ಇದನ್ನು 1998ರಲ್ಲಿ ವಿಜ್ಞಾನಿ ಆಡ್ ಸ್ಟೊಫೆಲನ್ ತಂದರು. ಒಂದೇ ಹೊತ್ತಿನ ಉಪಗ್ರಹ, ಬಾಯ್, ಮಾಡೆಲ್ ಮೂರೂ ಇರುವ ಬಿಂದುಗಳನ್ನು ಆರಿಸಿ. ಮೊದಲು ಮೂರನ್ನೂ ಒಂದೇ ಸ್ಕೇಲ್‌ಗೆ ತನ್ನಿ. ನಂತರ ಪ್ರತಿ ಬಿಂದುವಿನಲ್ಲೂ (ಉಪಗ್ರಹ − ಬಾಯ್) ಮತ್ತು (ಉಪಗ್ರಹ − ಮಾಡೆಲ್) ಇವನ್ನು ಗುಣಿಸಿ, ಎಲ್ಲದರ ಸರಾಸರಿ ತೆಗೆಯಿರಿ. ಮೂರರ ದೋಷಕ್ಕೂ ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ, ಬಂದ ಉತ್ತರ ಉಪಗ್ರಹದ ದೋಷದ ವೇರಿಯನ್ಸ್ (ಸ್ಟ್ಯಾಂಡರ್ಡ್ ಡೀವಿಯೇಶನ್‌ನ ವರ್ಗ). ಉಳಿದ ಎರಡಕ್ಕೂ ಹೀಗೆಯೇ.

‘ಸಂಬಂಧವಿಲ್ಲದಿದ್ದರೆ’ ಅನ್ನುವಲ್ಲಿ ನಿಲ್ಲಿ. ಬಾಯ್ ಮತ್ತು ಉಪಗ್ರಹ ಎರಡೂ 50 ಕಿ.ಮೀ. ಗಾತ್ರದ ಗಾಳಿಯ ಏರಿಳಿತವನ್ನು ನೋಡುತ್ತವೆ. ಮಾಡೆಲ್ ನೋಡುವುದಿಲ್ಲ. ಗ್ರಿಡ್ 0.25 ಡಿಗ್ರಿ ಅಂದ ಮಾತ್ರಕ್ಕೆ ಮಾಡೆಲ್‌ನ ಕಣ್ಣು ಅಷ್ಟು ಚೂಪಲ್ಲ. ಅದಕ್ಕೆ ನಿಜವಾಗಿ ಕಾಣುವುದು ಹಲವು ಗ್ರಿಡ್ ಚೌಕಗಳಷ್ಟು, 100 ಕಿ.ಮೀ.ಗೂ ಮೇಲಿನ ಆಕಾರಗಳು. ಈ ಅಂತರವನ್ನು ಪ್ರತ್ಯೇಕವಾಗಿ ಕಳೆಯದಿದ್ದರೆ ಅದು ಪೂರ್ತಿ ಮಾಡೆಲ್‌ನ ಲೆಕ್ಕಕ್ಕೆ ಬೀಳುತ್ತದೆ. ಆ ಲೆಕ್ಕ ತಪ್ಪು ಅಂತಲ್ಲ, ಆದರೆ ‘ಮಾಡೆಲ್‌ಗೆ ಕಾಣುವ ಅಳತೆಯಲ್ಲಿ ಅದು ಎಷ್ಟು ಸರಿ’ ಅನ್ನುವುದು ಬೇರೆಯೇ ಪ್ರಶ್ನೆ. ಎರಡರಲ್ಲಿ ಯಾವುದಕ್ಕೆ ಉತ್ತರ ಕೊಡುತ್ತಿದ್ದೀರಿ ಅಂತ ಮೊದಲೇ ತೀರ್ಮಾನ ಮಾಡಿ.

ನಕ್ಷೆ ಬರೆಯುವಾಗ

ಮೆಟಾಪ್ ಒಂದು ಜಾಗವನ್ನು ಸ್ಥಳೀಯ ಸಮಯ ಬೆಳಿಗ್ಗೆ ಮತ್ತು ರಾತ್ರಿ 9:30ರ ಆಸುಪಾಸಿನಲ್ಲೇ ದಾಟುತ್ತದೆ. ಅದರ ತಿಂಗಳ ಸರಾಸರಿಯನ್ನು ಮಾಡೆಲ್‌ನ 24 ಗಂಟೆಗಳ ಸರಾಸರಿಯ ಪಕ್ಕದಲ್ಲಿಟ್ಟರೆ, ಕರಾವಳಿಯ ಹಗಲು-ರಾತ್ರಿ ಗಾಳಿಯ ಏರಿಳಿತ ಮಾಡೆಲ್‌ನ ದೋಷದ ವೇಷದಲ್ಲಿ ಬಂದು ಕೂರುತ್ತದೆ. ನಕ್ಷೆಯನ್ನು ಜೋಡಿಗಳಿಂದಲೇ ಮಾಡಿ. ಉಪಗ್ರಹ ಇಲ್ಲದ ಹೊತ್ತಿನ ಮಾಡೆಲ್ ಮೌಲ್ಯ ಬೇಡ.

ಯು ಮತ್ತು ವಿಗೆ ಬೇರೆ ಬೇರೆ ನಕ್ಷೆ ಮಾಡಿ. ಇಆರ್‌ಎ5ನಲ್ಲಿ ಪೂರ್ವ-ಪಶ್ಚಿಮದ ಪಾಲು ಜಾಸ್ತಿ, ಉತ್ತರ-ದಕ್ಷಿಣದ ಪಾಲು ಕಡಿಮೆ ಅನ್ನುವುದು ಸ್ಕ್ಯಾಟರೋಮೀಟರ್ ಹೋಲಿಕೆಯಿಂದಲೇ ಹೊರಬಂದ ವಿಷಯ. ವೇಗವನ್ನಷ್ಟೇ ನೋಡುತ್ತಿದ್ದರೆ ಎರಡೂ ಒಂದನ್ನೊಂದು ಮುಚ್ಚಿಬಿಡುತ್ತಿದ್ದವು. ನಿಮ್ಮ ನಕ್ಷೆಯಲ್ಲೂ ಇದು ಕಂಡರೆ ಸರಿಯಾದ ದಾರಿಯಲ್ಲಿದ್ದೀರಿ. ಗೊತ್ತಿರುವ ಒಂದು ದೋಷವನ್ನು ಮೊದಲು ಕಂಡುಹಿಡಿದು ತೋರಿಸುವುದು ಹೊಸ ಕೋಡ್‌ಗೆ ಒಳ್ಳೆಯ ಪರೀಕ್ಷೆ.

ಒಂದು ಕಡೆ ವ್ಯತ್ಯಾಸ ಗಟ್ಟಿಯಾಗಿ ನಿಂತರೆ, ಅದೇ ಜಾಗ ಮತ್ತು ಅದೇ ತಿಂಗಳನ್ನು ಕೆಯು-ಬ್ಯಾಂಡ್ ಉಪಗ್ರಹದಿಂದಲೂ ನೋಡಿ. ಎರಡೂ ಬ್ಯಾಂಡ್ ಒಂದೇ ಮಾತು ಹೇಳಿದರೆ ಮಾಡೆಲ್ ಮೇಲಿನ ಅನುಮಾನ ಬಲವಾಗುತ್ತದೆ. ಕೆಯು-ಬ್ಯಾಂಡ್ ಮಾತ್ರ ಹೇಳಿದರೆ ಅಲ್ಲಿನ ಮಳೆ ಮತ್ತು ನೀರಿನ ತಾಪಮಾನವನ್ನು ಪರಿಶೀಲಿಸಿ.

ಕೊನೆಗೆ ಒಂದು ಕೆಲಸ ತಪ್ಪದೆ ಮಾಡಿ. ಸರಾಸರಿಗಳನ್ನಷ್ಟೇ ಅಲ್ಲ, ಜೋಡಿಗಳ ಫೈಲನ್ನೂ ಉಳಿಸಿ. ಪ್ರತಿ ಸಾಲಿನಲ್ಲೂ ಸಮಯ, ಜಾಗ, ಉಪಗ್ರಹದ ಯು ಮತ್ತು ವಿ, ಮಾಡೆಲ್‌ನ ಸಾಮಾನ್ಯ ಮತ್ತು ನ್ಯೂಟ್ರಲ್ ಗಾಳಿ ಎರಡೂ, ನೀರಿನ ಮತ್ತು ಗಾಳಿಯ ತಾಪಮಾನ, ಪೂರ್ತಿ ಫ್ಲ್ಯಾಗ್, ಮುನ್ಸೂಚನೆ ಎಷ್ಟು ಗಂಟೆ ಹಳೆಯದು, ಉಪಗ್ರಹ ಡೇಟಾದ ಆವೃತ್ತಿ ಇಷ್ಟು ಇರಲಿ. ನಾಳೆ ಯಾರಾದರೂ ‘ಮಳೆ ಬಿಂದುಗಳನ್ನು ಸೇರಿಸಿದರೆ ಏನಾಗುತ್ತದೆ?’ ಅಂತ ಕೇಳಿದರೆ, ಮತ್ತೆ ಎಲ್ಲವನ್ನೂ ಇಳಿಸಿಕೊಳ್ಳದೆ ಐದು ನಿಮಿಷದಲ್ಲಿ ಉತ್ತರ ಕೊಡಬಹುದು.